ತಾಳಮದ್ದಳೆ ರೆಕಾರ್ಡಿಂಗಿಗೆ ಯಾವ ವರ್ಷನ್ ಹಾಕಿಕೊಳ್ಳಬೇಕು?

ಮೊನ್ನೆ ಕುಮಟಾದಿಂದ ಅಕ್ಕನ ಮಗ ಫೋನ್ ಮಾಡಿದ್ದ. "ಚಿಕ್ಕಿ, ಒಂದೊಂದು ಸಾಫ್ಟ್‌ವೇರಿಗೂ ನಾಲ್ಕ್ ನಾಲ್ಕ್ ನಮೂನಿ ಇದ್ದು. ಯಾವ್ದು ಹಾಕವು?" ಅಂತ. ಆಷಾಢದಲ್ಲಿ ಅವರ ಮನೆಯ ಜಗಲಿಯಲ್ಲಿ ತಾಳಮದ್ದಳೆ ಇಟ್ಟುಕೊಂಡಿದ್ದಾರೆ, ಅದನ್ನು ರೆಕಾರ್ಡ್ ಮಾಡಬೇಕು. ಜೊತೆಗೆ ಅವನ ಅಜ್ಜ ಬಿಟ್ಟುಹೋದ ಒಂದು ಟ್ರಂಕ್ ಕ್ಯಾಸೆಟ್ಟುಗಳಿವೆ, ಕರಾವಳಿಯ ಹವೆಗೆ ಅರ್ಧಕ್ಕರ್ಧ ಬೂಷ್ಟು ಹಿಡಿದಿವೆ.

ನಾನು ಇಂಜಿನಿಯರ್ ಅಲ್ಲ. ಶಿರಸಿ–ಕುಮಟಾ ರಸ್ತೆಯಿಂದ ಒಳಗೆ ನಮ್ಮ ಮನೆ. ಅಡಿಕೆ ತೋಟ, ಒಂದು ಹಳೇ ಲ್ಯಾಪ್‌ಟಾಪ್, ಮಳೆಗಾಲಕ್ಕೊಂದಿಷ್ಟು ತಾಳಮದ್ದಳೆ, ಇಷ್ಟೇ ನನ್ನ ಬಂಡವಾಳ. ಆದರೆ ಈ ವಿಷಯದಲ್ಲಿ ಮಾಡಬಹುದಾದ ತಪ್ಪುಗಳನ್ನೆಲ್ಲ ಒಂದೊಂದಾಗಿ ಮಾಡಿ ಮುಗಿಸಿದ್ದೇನೆ. ಅವನಿಗೆ ಫೋನಿನಲ್ಲಿ ಅರ್ಧಂಬರ್ಧ ಹೇಳಿದ್ದನ್ನು ಇಲ್ಲಿ ಪೂರ್ತಿ ಬರೆಯುತ್ತೇನೆ.

ಸಾಫ್ಟ್‌ವೇರ್ ಹುಡುಕುವ ಮೊದಲು ವಯರ್ ಎಣಿಸಿ. ಮೈಕ್ ಅಲ್ಲ, ವಯರ್. ನಮ್ಮಲ್ಲಿ ಭಾಗವತರಿಗೊಂದು ಮೈಕು, ಮದ್ದಳೆಗೊಂದು, ಚಂಡೆಗೊಂದು, ಅರ್ಥಧಾರಿಗಳ ನಡುವೆ ಮೂರು. ಆರು ಮೈಕಾಯಿತಲ್ಲ, ಆರು ಟ್ರ್ಯಾಕಿನ, ಅಂದರೆ ಆರು ಧ್ವನಿಗಳನ್ನು ಬೇರೆಬೇರೆ ಸಾಲಿನಲ್ಲಿ ಹಿಡಿಯುವ, ಸಾಫ್ಟ್‌ವೇರ್ ಬೇಕು ಅಂತ ನಾನೂ ಅಂದುಕೊಂಡಿದ್ದೆ. ಆದರೆ ಆರೂ ಹೋಗಿ ಸೇರುವುದು ಮೈಕ್ ಸೆಟ್ಟಿನವನ ಮಿಕ್ಸರಿಗೆ. ಅಲ್ಲಿಂದ ಲ್ಯಾಪ್‌ಟಾಪಿಗೆ ಬರುವುದು ಒಂದು ಯುಎಸ್‌ಬಿ ವಯರು. ಸಾಧಾರಣ ಮಿಕ್ಸರುಗಳಲ್ಲಿ ಆ ವಯರಿನೊಳಗೆ ಇರುವುದು ಎಡ ಮತ್ತು ಬಲ, ಎರಡೇ ಚಾನೆಲ್. ಬೆರೆತು ಬಂದ ಮೇಲೆ ಚಂಡೆಯನ್ನು ಭಾಗವತಿಕೆಯಿಂದ ಬೇರೆ ಮಾಡುವುದು, ಕಾಸಿದ ಹಾಲಿನಿಂದ ಸಕ್ಕರೆ ಹೆಕ್ಕಿದ ಹಾಗೆ. ಹೀಗಿದ್ದ ಮೇಲೆ ನಿಮಗೆ ಬೇಕಾದ್ದು ಎರಡು ಟ್ರ್ಯಾಕಿನ ಕೆಲಸ, ಅದಕ್ಕೆ ಪುಕ್ಕಟೆ ಸಿಗುವ ಆಡಾಸಿಟಿ ಸಾಕು. ಪ್ರತಿ ಮೈಕನ್ನೂ ಬೇರೆಬೇರೆಯಾಗಿ ಕಳಿಸುವ ಮಿಕ್ಸರೋ ಮೈಕುಗಳನ್ನು ಲ್ಯಾಪ್‌ಟಾಪಿಗೆ ಜೋಡಿಸುವ ಎಂಟು ಚಾನೆಲಿನ ಆಡಿಯೋ ಇಂಟರ್‌ಫೇಸೋ ಕೈಯಲ್ಲಿದ್ದರೆ ಮಾತ್ರ ದೊಡ್ಡ ಸಾಫ್ಟ್‌ವೇರಿನ ಕಡೆ ನೋಡಿ.

ಇಂಟರ್‌ಫೇಸ್ ಕೊಂಡಾಗ ಡಬ್ಬದ ಜೊತೆ ಒಂದು ಸಣ್ಣ ವರ್ಷನ್ ಪುಕ್ಕಟೆ ಬರುವುದುಂಟು. ಕ್ಯೂಬೇಸ್ ಎಲ್ಇ, ಏಬಲ್‌ಟನ್ ಲೈವ್ ಲೈಟ್ ಈ ಜಾತಿಯವು. ಕ್ಯೂಬೇಸಿನಲ್ಲಿ ಅದರ ಮೇಲೆ ಎಲಿಮೆಂಟ್ಸ್, ಆರ್ಟಿಸ್ಟ್, ಪ್ರೊ ಅಂತ ಮೆಟ್ಟಿಲುಗಳಿವೆ. ಪ್ರೊ ಟೂಲ್ಸ್ ಎಂಬ ಇನ್ನೊಂದು ಸಾಫ್ಟ್‌ವೇರಿನಲ್ಲಿ ಇಂಟ್ರೊ ಪುಕ್ಕಟೆ, ಅದರ ಮೇಲಿನ ಆರ್ಟಿಸ್ಟ್, ಸ್ಟುಡಿಯೋ, ಅಲ್ಟಿಮೇಟ್‌ಗೆ ದುಡ್ಡು. ಈ ಹೆಸರುಗಳಿಗೆ ಮರುಳಾಗಬೇಡಿ, ಎರಡು ಅಂಕಿ ನೋಡಿ: ಒಟ್ಟು ಎಷ್ಟು ಆಡಿಯೋ ಟ್ರ್ಯಾಕ್, ಮತ್ತು ಏಕಕಾಲಕ್ಕೆ ಎಷ್ಟು ಇನ್‌ಪುಟ್ ರೆಕಾರ್ಡ್ ಆಗುತ್ತದೆ. ಎರಡನೆಯದನ್ನು ಎಲ್ಲೋ ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಬರೆದಿರುತ್ತಾರೆ. ಪ್ರೊ ಟೂಲ್ಸ್ ಇಂಟ್ರೊದಲ್ಲಿ 8 ಆಡಿಯೋ ಟ್ರ್ಯಾಕ್ ಸಿಗುತ್ತದೆ, ನಮ್ಮ ಜಗಲಿಗೆ ಧಾರಾಳ. ಆದರೆ ಅದಕ್ಕೆ ಐಲಾಕ್ ಖಾತೆ ತೆರೆದು ಆನ್‌ಲೈನಿನಲ್ಲಿ ಪರವಾನಗಿ ಪಡೆಯಬೇಕು. ನಮ್ಮಲ್ಲಿ ನೆಟ್‌ವರ್ಕಿನ ಒಂದು ಕಡ್ಡಿ ಬೇಕಾದರೂ ತೋಟದ ದರೆ ಹತ್ತಬೇಕು, ಅದೂ ಮಳೆ ಬಿಟ್ಟಾಗ. ಪರವಾನಗಿಗೆ ಆಗಾಗ ಇಂಟರ್‌ನೆಟ್ ಕೇಳುವ ಸಾಫ್ಟ್‌ವೇರನ್ನು ನಾನು ಘಟ್ಟದ ಮೇಲಿನವರಿಗೆ ಹೇಳುವುದೇ ಇಲ್ಲ. ಪೇಟೆಯವರಿಗೆ ಇದು ತೊಂದರೆಯೇ ಅಲ್ಲ ಬಿಡಿ.

ಎಂಟು ಚಾನೆಲ್ ನಿಜವಾಗಿ ಇದೆ ಎಂದಾದರೆ ನನ್ನ ಓಟು ರೀಪರ್ ಎಂಬ ಸಾಫ್ಟ್‌ವೇರಿಗೆ. ಇದರಲ್ಲಿ ಲೈಟ್, ಪ್ರೊ ಎಂಬ ಭೇದವೇ ಇಲ್ಲ, ಎಲ್ಲರಿಗೂ ಒಂದೇ ವರ್ಷನ್. 60 ದಿನ ಪೂರ್ತಿ ಸೌಲಭ್ಯದೊಂದಿಗೆ ಬಳಸಿ ನೋಡಬಹುದು. ಆಮೇಲೆ ಮನೆಬಳಕೆಯವರಿಗೆ ಮತ್ತು ಸಣ್ಣ ಗಳಿಕೆಯವರಿಗೆ 60 ಡಾಲರ್, ದೊಡ್ಡ ವ್ಯವಹಾರದವರಿಗೆ 225 ಡಾಲರ್. 7ನೇ ವರ್ಷನಿನಲ್ಲಿ ಕೊಂಡವರಿಗೆ 8.99ರ ತನಕ ಮತ್ತೆ ದುಡ್ಡಿಲ್ಲ. ಡೌನ್‌ಲೋಡ್ ಫೈಲೂ ತೀರಾ ಸಣ್ಣದು, ದರೆಯ ಮೇಲೆ ನಿಂತೇ ಇಳಿಸಿಕೊಂಡು ಬಂದಿದ್ದೆ. ವಿಂಡೋಸಿನಲ್ಲಿ ಬಹು ಚಾನೆಲ್ ಇಂಟರ್‌ಫೇಸಿಗೆ ಏಸಿಯೋ ಎಂಬ ಡ್ರೈವರ್ ಬೇಕಾಗುತ್ತದೆ, ರೀಪರ್ ಅದನ್ನು ಒಪ್ಪುತ್ತದೆ. ಆಡಾಸಿಟಿ ವರ್ಷಾನುಗಟ್ಟಲೆ ಪರವಾನಗಿಯ ತೊಡಕಿನಿಂದ ಏಸಿಯೋ ಇಲ್ಲದೆಯೇ ಬರುತ್ತಿತ್ತು. ಪುಕ್ಕಟೆಯದನ್ನು ಬಿಟ್ಟು ಇದಕ್ಕೆ ಹೋಗಲು ನನಗೆ ಕಂಡ ದೊಡ್ಡ ಕಾರಣ ಇದೇ.

ಈಗ ಲ್ಯಾಪ್‌ಟಾಪ್. ಸೆಟ್ಟಿಂಗ್ಸಿನಲ್ಲಿ ಸಿಸ್ಟಮ್, ಅದರಲ್ಲಿ ಅಬೌಟ್ ತೆರೆದರೆ 32 ಬಿಟ್ಟೋ 64 ಬಿಟ್ಟೋ ಎಂದು ಬರೆದಿರುತ್ತದೆ. 64 ಇದ್ದರೆ ಸಾಫ್ಟ್‌ವೇರೂ 64ರದ್ದೇ ಇರಲಿ. 32 ಬಿಟ್ ಯಂತ್ರಕ್ಕೆ 64ರದ್ದು ಏರುವುದೇ ಇಲ್ಲ.

ಇನ್ನು ಆಡಾಸಿಟಿಯೊಳಗಿನ ವರ್ಷನ್. ಇದನ್ನು ನಿಧಾನವಾಗಿ ಹೇಳಬೇಕು, ಯಾಕೆಂದರೆ ನಾನು ಅತ್ತದ್ದು ಇಲ್ಲಿಯೇ. 2000ದಲ್ಲಿ ಹೊರಬಂದ ಈ ಸಾಫ್ಟ್‌ವೇರ್, 2.4.2ರ ತನಕ ಒಂದು ಪ್ರಾಜೆಕ್ಟನ್ನು ಎರಡು ಕಡೆ ಇಡುತ್ತಿತ್ತು. ಎಯುಪಿ ಎಂಬ ಪುಟ್ಟ ಫೈಲೊಂದು, ಅದೇ ಹೆಸರಿನ ಡೇಟಾ ಫೋಲ್ಡರ್ ಇನ್ನೊಂದು. ಧ್ವನಿ ಇರುವುದೆಲ್ಲ ಆ ಫೋಲ್ಡರಿನಲ್ಲಿ, ಸಾವಿರಾರು ಚೂರುಗಳಾಗಿ. ಎಯುಪಿ ಎಂದರೆ ಬರೀ ಪಟ್ಟಿ. ನಮ್ಮ ಅತ್ತೆಯ ಹಸೆ ಹಾಡುಗಳನ್ನು ಎರಡು ಮಧ್ಯಾಹ್ನ ಕೂತು ರೆಕಾರ್ಡ್ ಮಾಡಿದ್ದೆ. ಲ್ಯಾಪ್‌ಟಾಪ್ ಫಾರ್ಮ್ಯಾಟ್ ಮಾಡಿಸುವ ಮೊದಲು ಜಾಣತನದಿಂದ ಪೆನ್‌ಡ್ರೈವಿಗೆ ಎಯುಪಿ ಫೈಲನ್ನು ಹಾಕಿಟ್ಟುಕೊಂಡೆ. ಅದನ್ನಷ್ಟೇ. ಎರಡು ಮಧ್ಯಾಹ್ನದ ಹಾಡು ಕೆಲವೇ ಕೆಬಿ ಇದೆಯಲ್ಲ ಎಂದು ಸಂಶಯವೂ ಬರಲಿಲ್ಲ. ಮರಳಿ ತೆರೆದಾಗ ಧ್ವನಿಯ ಅಲೆಗಳಿರಬೇಕಾದ ಜಾಗದಲ್ಲಿ ನೆಟ್ಟಗಿನ ಗೆರೆ. ಅತ್ತೆ ಪಕ್ಕದಲ್ಲೇ ಕೂತಿದ್ದರು. "ತಂಗಿ, ಹಾಡಿದ್ದು ಬೈಂದಾ ಇಲ್ಯಾ?" ಅಂತ ಕೇಳಿದರು. ಚಾ ಇಡುತ್ತೇನೆ ಅಂತ ಎದ್ದು ಒಳಗೆ ಹೋದೆ.

2021ರಲ್ಲಿ ಬಂದ 3.0ರಿಂದ ಎಲ್ಲವೂ ಎಯುಪಿ3 ಎಂಬ ಒಂದೇ ಫೈಲಿನಲ್ಲಿರುತ್ತದೆ. ನನ್ನಂಥವರಿಗೆ ಇದೊಂದೇ ಕಾರಣ ಸಾಕು: ಹೊಸದಾಗಿ ಶುರು ಮಾಡುವವರು 3ರ ಸಾಲಿನದ್ದನ್ನೇ ಹಾಕಿಕೊಳ್ಳಿ. 3.2ರ ನಂತರದ್ದಾದರೆ ಇನ್ನೂ ಒಳ್ಳೆಯದು, ಎಫೆಕ್ಟನ್ನು, ಅಂದರೆ ಧ್ವನಿಯ ತಿದ್ದುಪಡಿಯನ್ನು, ಹಚ್ಚಿ, ಕೇಳಿ, ಬೇಡವಾದರೆ ಯಾವಾಗ ಬೇಕಾದರೂ ತೆಗೆಯಬಹುದು. ಮೊದಲು ಹಚ್ಚಿ, ಸೇವ್ ಮಾಡಿ ಮುಚ್ಚಿದಿರೋ, ಅದು ಗೋಡೆಗೆ ಬಳಿದ ಸುಣ್ಣದಂತೆ ಅಂಟಿಕೊಂಡೇ ಇರುತ್ತಿತ್ತು. ಎಚ್ಚರ ಬೇಕಾದ್ದು ಹಳೇ ಪ್ರಾಜೆಕ್ಟ್ ಇದ್ದವರಿಗೆ. 3 ಹಳೆಯದನ್ನು ತೆರೆಯುತ್ತದೆ, ಆದರೆ 3ರಲ್ಲಿ ಉಳಿಸಿದ್ದನ್ನು 2 ತೆರೆಯುವುದಿಲ್ಲ. ಮನೆಯಲ್ಲೊಂದು, ಮಗನ ರೂಮಿನಲ್ಲೊಂದು ಕಂಪ್ಯೂಟರ್ ಇದ್ದರೆ ಎರಡರಲ್ಲೂ ಒಂದೇ ನಂಬರಿನ ವರ್ಷನ್ ಇರಲಿ. ಲ್ಯಾಪ್‌ಟಾಪ್ ವಿಂಡೋಸ್ 7ರ ಕಾಲದ್ದಾದರೆ 2.4.2ರಲ್ಲೇ ಇರಿ, ಫೋಲ್ಡರ್ ಮಾತ್ರ ಮರೆಯಬೇಡಿ.

ನಂಬರ್ ಓದುವುದೂ ಒಂದು ವಿದ್ಯೆ. ಮೂರು ಅಂಕಿ ಇರುತ್ತದಲ್ಲ, ಮೊದಲನೆಯದು ಬದಲಾದರೆ ಫೈಲಿನ ರೀತಿಯೇ ಬದಲಾಗಿರಬಹುದು. ನಡುವಿನದು ಬದಲಾದರೆ ಏನೋ ಹೊಸದು ಸೇರಿದೆ. ಕೊನೆಯದು ತೇಪೆ. ಕೊನೆಗೆ ಸೊನ್ನೆ ಇರುವುದನ್ನು ನಾನು ಮುಟ್ಟುವುದಿಲ್ಲ, 1 ಅಥವಾ 2 ಬರುವ ತನಕ ಕಾಯುತ್ತೇನೆ. ಹೊಸ ದೋಸೆ ಕಾವಲಿಯ ಮೊದಲ ದೋಸೆ ಯಾರಾದರೂ ತಿನ್ನಲಿ. ಆಲ್ಫಾ, ಬೀಟಾ ಎಂದಿದ್ದರಂತೂ ದೂರ. ಎಂಪಿ3 ಮಾಡಲು ಲೇಮ್ ಎಂಬುದನ್ನು ಬೇರೆ ಹಾಕಿಕೊಳ್ಳಿ ಎಂದು ಹಳೇ ವಿಡಿಯೋಗಳು ಹೇಳುತ್ತವೆ. ಆಡಾಸಿಟಿ 2.3.2ರಿಂದ ವಿಂಡೋಸಿನಲ್ಲಿ ಅದು ಒಳಗೇ ಇದೆ, ಬೇಡ. ಡೌನ್‌ಲೋಡನ್ನು ಆಡಾಸಿಟಿಟೀಮ್ ಡಾಟ್ ಆರ್ಗ್‌ನಿಂದಲೇ ಮಾಡಿ. ಪೇಟೆಯಲ್ಲಿ ಪೆನ್‌ಡ್ರೈವಿಗೆ ಹಾಕಿಕೊಡುವ ಕ್ರ್ಯಾಕ್ ವರ್ಷನ್ನಿನಲ್ಲಿ ಸಾಫ್ಟ್‌ವೇರಿನ ಜೊತೆ ಇನ್ನೇನು ಬರುತ್ತದೋ ದೇವರೇ ಬಲ್ಲ.

ಉದ್ದದ ಲೆಕ್ಕವೊಂದು ಬಾಕಿ ಇದೆ. ರೆಕಾರ್ಡಿಂಗಿನ ಗುಣಮಟ್ಟವನ್ನು 48 ಕಿಲೋಹರ್ಟ್ಸ್, 24 ಬಿಟ್, ಸ್ಟೀರಿಯೋ ಇಟ್ಟರೆ ಫೈಲು ಗಂಟೆಗೆ 1 ಜಿಬಿಗಿಂತ ತುಸು ಹೆಚ್ಚು. ಮಾಮೂಲಿ ವೇವ್ ಫೈಲ್ 4 ಜಿಬಿ ದಾಟಲಾರದು, ಅಂದರೆ ನಾಲ್ಕು ಗಂಟೆ ಚಿಲ್ಲರೆ. ಸಂಜೆ ಆರಕ್ಕೆ ಕೂತರೆ ರಾತ್ರಿ ಹತ್ತರ ಸುಮಾರಿಗೆ, ಸರಿಯಾಗಿ ವಾಲಿ ಬಾಣ ತಿಂದು ರಾಮನನ್ನು ಪ್ರಶ್ನೆ ಕೇಳುವ ಹೊತ್ತಿಗೆ, ಫೈಲಿನ ಹೊಟ್ಟೆ ತುಂಬಿರುತ್ತದೆ. ಆದ್ದರಿಂದ ಕೊಳ್ಳುವ ಮುಂಚೆ ನೋಡಿ: ಸಾಫ್ಟ್‌ವೇರ್ ಈ ಮಿತಿಯಿಲ್ಲದ ವೇವ್64 ಅಥವಾ ಆರ್‌ಎಫ್64 ಫೈಲ್ ಬರೆಯುತ್ತದೆಯೇ? ರೀಪರಿನಲ್ಲಿ ದೊಡ್ಡದಾದಾಗ ತಾನಾಗಿ ವೇವ್64ಕ್ಕೆ ಹೋಗುವ ಆಯ್ಕೆ ಇದೆ. ಆಡಾಸಿಟಿಯ ಎಯುಪಿ3ಗೆ ಈ 4 ಜಿಬಿ ಕಟ್ಟು ಇಲ್ಲ, ತೊಡಕು ಬರುವುದು ವೇವ್ ಆಗಿ ಹೊರತೆಗೆಯುವಾಗ. ಆಗ ಗುಣ ಕೆಡದಂತೆ ಕುಗ್ಗಿಸುವ ಫ್ಲ್ಯಾಕ್ ಫೈಲ್ ಮಾಡಿ ಅಥವಾ ಎರಡು ತುಂಡು ಮಾಡಿ. ನಾನಂತೂ ಚಾ ವಿರಾಮದಲ್ಲಿ ನಿಲ್ಲಿಸಿ ಸೇವ್ ಮಾಡಿ ಹೊಸ ಪ್ರಾಜೆಕ್ಟ್ ಶುರು ಮಾಡುತ್ತೇನೆ. ಕರೆಂಟ್ ಹೋದರೂ ಅರ್ಧವಾದರೂ ಉಳಿಯುತ್ತದೆ.

ಕ್ಯಾಸೆಟ್ಟಿಗೆ ಇಷ್ಟೆಲ್ಲ ಚಿಂತೆ ಬೇಡ. ಎರಡು ಟ್ರ್ಯಾಕು, 44.1 ಕಿಲೋಹರ್ಟ್ಸ್, ಯಾವ ವರ್ಷನ್ನಾದರೂ ನಡೆದೀತು. ಹೊಸ ಲ್ಯಾಪ್‌ಟಾಪುಗಳ ಒಂದೇ ತೂತಿನ ಜ್ಯಾಕ್ ಹೆಚ್ಚಾಗಿ ಮೋನೋ ಮೈಕಿನದ್ದು, ಅದಕ್ಕೆ ಪ್ಲೇಯರಿನ ಎಡ–ಬಲ ಎರಡೂ ಧ್ವನಿಯನ್ನು ಒಳಗೆ ತರುವ ಒಂದು ಸಣ್ಣ ಯುಎಸ್‌ಬಿ ಲೈನ್ ಇನ್ ತಗೊಳ್ಳಿ. ಬೂಷ್ಟು ಹಿಡಿದದ್ದನ್ನು ಹಾಗೆಯೇ ಪ್ಲೇಯರಿಗೆ ತುರುಕಬೇಡಿ, ಹೆಡ್ಡಿಗೆ ಅಂಟಿಕೊಂಡು ಮುಂದಿನ ಕ್ಯಾಸೆಟ್ಟಿಗೂ ಹತ್ತುತ್ತದೆ.

ಹಾಕಿಕೊಂಡಾಯಿತು ಎನ್ನೋಣ. ಕಾರ್ಯಕ್ರಮಕ್ಕೆ ವಾರ ಮೊದಲೇ ಅಪ್‌ಡೇಟುಗಳನ್ನು ನಿಲ್ಲಿಸಿ, ಸಾಫ್ಟ್‌ವೇರಿನದ್ದೂ ವಿಂಡೋಸಿನದ್ದೂ. ಲ್ಯಾಪ್‌ಟಾಪ್ ನಿದ್ದೆಗೆ ಹೋಗದಂತೆ ಮಾಡಿ. ಹಿಂದಿನ ರಾತ್ರಿ ಮೈಕ್ ಇಟ್ಟು ಒಂದು ಗಂಟೆ ಹೆಂಚಿನ ಮೇಲಿನ ಮಳೆಯನ್ನೇ ರೆಕಾರ್ಡ್ ಮಾಡಿ, ನಡುವೆ ಒಮ್ಮೆ ಚಾರ್ಜರ್ ಕಿತ್ತು ನೋಡಿ. ಸೇವ್ ಮಾಡಿ, ಮುಚ್ಚಿ, ಮತ್ತೆ ತೆರೆಯಿರಿ. ಆ ಫೈಲನ್ನು ಪೆನ್‌ಡ್ರೈವಿಗೆ ಹಾಕಿ ಇನ್ನೊಂದು ಕಂಪ್ಯೂಟರಿನಲ್ಲಿ ತೆರೆಯಿರಿ. ಅಲ್ಲಿ ಮಳೆ ಕೇಳಿಸಿತೋ, ವರ್ಷನ್ ಸರಿಯಾಗಿದೆ. ಇನ್‌ಸ್ಟಾಲ್ ಮಾಡಿದ ಮೂಲ ಫೈಲನ್ನು ಅಳಿಸಬೇಡಿ, ರೆಕಾರ್ಡಿಂಗ್ ಇರುವ ಫೋಲ್ಡರಿನಲ್ಲೇ ಇಡಿ. ನನ್ನ ಹಾರ್ಡ್‌ಡಿಸ್ಕಿನಲ್ಲಿ ಪ್ರತಿ ವರ್ಷದ ಫೋಲ್ಡರಿನೊಳಗೆ ಆ ವರ್ಷ ಬಳಸಿದ ವರ್ಷನ್ನಿನ ಫೈಲೂ, ಪ್ರತಿ ರೆಕಾರ್ಡಿಂಗಿನ ಒಂದು ವೇವ್ ಪ್ರತಿಯೂ ಇವೆ. ಅತ್ತೆಯ ಹಾಡುಗಳನ್ನು ಮುಂದಿನ ಬೇಸಿಗೆಯಲ್ಲಿ ಮತ್ತೆ ಹಾಡಿಸಿಕೊಂಡೆ, ಅವೂ ಅಲ್ಲಿವೆ. ಎರಡು ಹಾಡು ಮಾತ್ರ ಅವರಿಗೆ ನೆನಪಾಗಲಿಲ್ಲ.