ಹತ್ತನೇ ನಿಮಿಷದ ಅಂಕ ನೋಡಿ ಪ್ರೊಸೆಸರ್ ಆರಿಸಿದೆ

"ಇಂಟೆಲ್ ಐ7 ಬಿಟ್ಟು ಹಳೇ ತಲೆಮಾರಿನ ಚಿಪ್ ತಗೋತೀಯಾ? ದುಡ್ಡು ದಂಡ" ಅಂತ ನಾನು ಈ ಲ್ಯಾಪ್‌ಟಾಪ್ ತಂದಾಗ ಜೊತೆಯವರೆಲ್ಲ ನಕ್ಕಿದ್ದರು. ಒಂದೂವರೆ ವರ್ಷ ಆಯಿತು. ಈಗ ಅವರ ವಿಡಿಯೊ ಎಕ್ಸ್‌ಪೋರ್ಟ್ ಇನ್ನೂ ಓಡುತ್ತಿರುವಾಗ ನಾನು ಬ್ಯಾಗ್ ಹೆಗಲಿಗೆ ಹಾಕಿರುತ್ತೇನೆ. ಜಂಭ ಅಂತಲೇ ಇಟ್ಟುಕೊಳ್ಳಿ.

ಅದಕ್ಕೂ ಮೊದಲು ಎರಡು ಸಲ ಕೈ ಸುಟ್ಟುಕೊಂಡಿದ್ದೆ. ಮೊದಲನೆಯದು ತೆಳ್ಳಗಿನ, ಚೆಂದದ ಮೆಷಿನ್. ದುಬಾರಿ ಚಿಪ್, ಹೆಸರಿನ ಕೊನೆಗೆ ಯು, ಅಂದರೆ ಕಮ್ಮಿ ವಿದ್ಯುತ್ತಿನಲ್ಲಿ ಓಡುವ ಬಗೆ. ಎಕ್ಸ್‌ಪೋರ್ಟ್ ಹಾಕಿದರೆ ಮೊದಲ ಒಂದು ನಿಮಿಷ ಕುದುರೆ. ಆಮೇಲೆ ಟಾಸ್ಕ್ ಮ್ಯಾನೇಜರ್‌ನಲ್ಲಿ 4 ಗಿಗಾಹರ್ಟ್ಸ್ ಹತ್ತಿರ ಇದ್ದದ್ದು ಕಣ್ಣೆದುರೇ 2ರ ಆಸುಪಾಸಿಗೆ ಇಳಿದು ಅಲ್ಲೇ ಕೂರುತ್ತಿತ್ತು. 15 ವ್ಯಾಟ್ ಚಿಪ್, ಬಿಸಿ ಹೊರಹಾಕಲು ಒಂದೇ ಸಣ್ಣ ಫ್ಯಾನ್, ಇನ್ನೇನಾಗಬೇಕು?

ಎರಡನೇ ಸಲ ತಪ್ಪು ಪೂರ್ತಿ ನನ್ನದೇ. ಮೊದಲ ಅಂಕಿ ದೊಡ್ಡದಿದೆ, ಅಂದರೆ ಹೊಸ ಚಿಪ್ ಅಂದುಕೊಂಡೆ. ಎಎಮ್‌ಡಿಯ ರೈಜನ್ 7000 ಲ್ಯಾಪ್‌ಟಾಪ್ ಚಿಪ್‌ಗಳ ಸಾಲಿನಲ್ಲಿ ಒಳಗಿನ ವಿನ್ಯಾಸ (ಝೆನ್) ಎಷ್ಟನೇ ತಲೆಮಾರಿನದು ಅಂತ ತಿಳಿಯಲು ನೋಡಬೇಕಾದದ್ದು ಮೂರನೇ ಅಂಕಿ: 7520ಯು ಅಂದರೆ ಝೆನ್ 2, ನಾಲ್ಕೇ ಕೋರ್ (ಲೆಕ್ಕ ಮಾಡುವ ಘಟಕ); 7530ಯು ಝೆನ್ 3, ಆರು ಕೋರ್; 7540ಯು ಝೆನ್ 4. ನನ್ನದು ಹಳೇ ವಿನ್ಯಾಸ ಅಂತ ಡಬ್ಬ ಒಡೆದ ಮೇಲೆ ಗೊತ್ತಾಗಿ ಏನು ಬಂತು? ಮಾರಿದಾಗ ಕೊಟ್ಟ ದುಡ್ಡಿನ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಸಿಕ್ಕಿತು, ಅಷ್ಟೇ.

ಮೂರನೇ ಸಲ ಚಿಪ್ಪಿನ ಹೆಸರು ನಂಬುವುದನ್ನೇ ಬಿಟ್ಟೆ. ಚಾರ್ಜರ್ ಸಿಕ್ಕಿಸಿ ಸಿನೆಬೆಂಚ್ ಆರ್23 (ಚಿಪ್ಪಿನ ವೇಗಕ್ಕೆ ಅಂಕ ಕೊಡುವ ತಂತ್ರಾಂಶ) ಹತ್ತು ನಿಮಿಷ ಓಡಿಸುವುದು, ಕೊನೆಯ ಮಲ್ಟಿ ಕೋರ್ ಅಂಕ (ಎಲ್ಲ ಕೋರ್ ಸೇರಿ ಬರುವುದು) ಬರೆದುಕೊಳ್ಳುವುದು, ಇಡೀ ಲ್ಯಾಪ್‌ಟಾಪಿನ ಬೆಲೆಯನ್ನು ಅದರಿಂದ ಭಾಗಿಸುವುದು; ಕಮ್ಮಿ ಬಂದಷ್ಟೂ ಒಳ್ಳೆಯದು. ಚಿಪ್ ಒಂದನ್ನೇ ಯಾರೂ ಮಾರುವುದಿಲ್ಲ ಅಲ್ವಾ? ಸಿಂಗಲ್ ಕೋರ್ ಅಂಕ (ಒಂದೇ ಕೋರಿನದು) 1,300ಕ್ಕಿಂತ ಕೆಳಗಿದ್ದರೆ ಪಟ್ಟಿಯಿಂದಲೇ ಔಟ್. ಅಂಗಡಿಯ ಡಿಸ್‌ಪ್ಲೇ ಮೆಷಿನ್ ಮೇಲೆ ಹತ್ತು ನಿಮಿಷ ಟೆಸ್ಟ್ ಓಡಿಸಲು ಅವರನ್ನು ಹೇಗೆ ಒಪ್ಪಿಸಿದೆ ಅನ್ನೋದು ಮಾತ್ರ ನನ್ನ ಹತ್ತಿರವೇ ಇರಲಿ.

ಐದಾರು ಮೆಷಿನ್ ನೋಡಿದೆ. ಐ5 1235ಯು, ಐ7 1255ಯು ಎರಡರಲ್ಲೂ ಎರಡು ದೊಡ್ಡ ಕೋರ್, ಎಂಟು ಸಣ್ಣ ಕೋರ್. ಗರಿಷ್ಠ ವೇಗ ಮಾತ್ರ ಒಂದಕ್ಕೆ 4.4, ಇನ್ನೊಂದಕ್ಕೆ 4.7 ಗಿಗಾಹರ್ಟ್ಸ್. ನಾನು ನೋಡಿದ ಐ7 ಮೆಷಿನ್ ಬೆಲೆ ಕಾಲು ಭಾಗ ಜಾಸ್ತಿ, ಹತ್ತನೇ ನಿಮಿಷಕ್ಕೆ ಅಂಕದ ವ್ಯತ್ಯಾಸ ನೂರೋ ಇನ್ನೂರೋ. ಕೊನೆಗೆ ತಂದದ್ದು 2021ರ ರೈಜನ್ 5 5600ಎಚ್ (ಎಚ್ ಅಂದರೆ ಹೆಚ್ಚು ವಿದ್ಯುತ್ ಎಳೆಯುವ ಬಗೆ) ಇದ್ದ ದಪ್ಪನೆಯ ಮೆಷಿನ್. ಮೊದಲ ಸುತ್ತಿನಲ್ಲೂ ಕೊನೆಯ ಸುತ್ತಿನಲ್ಲೂ ಮಲ್ಟಿ ಕೋರ್ ಅಂಕ 9,500ರ ಆಚೀಚೆ. ಬೆಲೆ ಆ ಐ7ಗಿಂತ ಐದನೇ ಒಂದು ಭಾಗ ಕಮ್ಮಿ. ಮೊದಲು 50 ನಿಮಿಷ ತಿನ್ನುತ್ತಿದ್ದ ಎಕ್ಸ್‌ಪೋರ್ಟ್ ಈಗ ಅರ್ಧ ಗಂಟೆಯೊಳಗೆ ಮುಗಿಯುತ್ತದೆ.

ಉಳಿದ ದುಡ್ಡಿನಲ್ಲಿ ಇನ್ನೊಂದು 8 ಜಿಬಿ ರ‍್ಯಾಮ್ ಹಾಕಿದೆ. ಎರಡು ಸ್ಟಿಕ್ ಆದ ಮೇಲೆ ಚಿಪ್ಪಿನೊಳಗಿನ ಗ್ರಾಫಿಕ್ಸ್ ಎದ್ದು ಕೂತಿತು, ಪ್ರಿವ್ಯೂ ತಡವರಿಸುವುದು ನಿಂತಿತು. ಸುಮ್ನೆ ಕುತೂಹಲಕ್ಕೆ ಹಿಂಬದಿಗೆ ಎರಡು ಬಾಟಲಿ ಮುಚ್ಚಳ ಕೊಟ್ಟು ಎತ್ತಿ ಇಟ್ಟೆ, ನಾಲ್ಕೈದು ಡಿಗ್ರಿ ಇಳಿಯಿತು. ಬ್ಯಾಟರಿ ಮಾತ್ರ ನಾಲ್ಕು ಗಂಟೆ ದಾಟುವುದಿಲ್ಲ, ತೂಕವೂ ಜಾಸ್ತಿ. ಬರೀ ಟೈಪ್ ಮಾಡುವಾಗ ವಿಂಡೋಸ್ ಪವರ್ ಸೆಟ್ಟಿಂಗ್‌ನಲ್ಲಿ ಪ್ರೊಸೆಸರ್ ಗರಿಷ್ಠ ಮಿತಿಯನ್ನು 99%ಗೆ ಇಳಿಸುತ್ತೇನೆ. ಬೂಸ್ಟ್ (ತಾತ್ಕಾಲಿಕವಾಗಿ ಏರುವ ವೇಗ) ನಿಲ್ಲುತ್ತದೆ, ಫ್ಯಾನೂ ಬಾಯಿ ಮುಚ್ಚುತ್ತದೆ, ಮುಕ್ಕಾಲು ಗಂಟೆ ಹೆಚ್ಚು ಸಿಗುತ್ತದೆ.