ಅಂಟುವಾಳ ಸೇರಿದ ಮೇಲೆ ಬೇವಿನೆಣ್ಣೆ ಎಲೆ ಮೇಲೆ ನಿಂತಿತು

"ಗಿಡಕ್ಕೂ ತಲೆಸ್ನಾನ ಮಾಡಿಸ್ತೀರಾ?" ಅಂಟುವಾಳಕಾಯಿ ನೆನೆಹಾಕಿದ್ದು ನೋಡಿ ಪಕ್ಕದ ಮನೆಯವರು ನಕ್ಕಿದ್ದರು. ಈಗ ಅವರೇ ಖಾಲಿ ಬಾಟಲಿ ಹಿಡಿದು ನಮ್ಮ ಮಹಡಿ ಹತ್ತುತ್ತಾರೆ.

ಸಸ್ಯಹೇನು ಹತ್ತಿದ ನವಿಲುಕೋಸಿಗೆ ನೀರಲ್ಲಿ ಬೆರೆಸಿದ ಬೇವಿನೆಣ್ಣೆ ಹೊಡೆದರೆ ಹನಿಗಳು ಗೋಲಿಯಂತೆ ಉರುಳಿ ಕುಂಡಕ್ಕೆ ಬೀಳುತ್ತಿದ್ದವು. ಎಲೆ ಮೇಲಿನ ಬೂದು ಮೇಣದ ಕೆಲಸ ಅದು. ಬದನೆಯದು ಇನ್ನೊಂದು ಕಾಟ. ಎಲೆ ತುಂಬ ನಕ್ಷತ್ರದಂಥ ಸಣ್ಣ ಕೂದಲು. ಹನಿ ಕೂದಲ ತುದಿಯಲ್ಲೇ ಕೂತು ಒಣಗುತ್ತದೆ. ಎಲೆಯಡಿಯ ಬಿಳಿನೊಣಕ್ಕೆ ಏನೂ ಆಗುವುದಿಲ್ಲ.

ಎಣ್ಣೆ ನೀರಲ್ಲಿ ಬೆರೆತು ಎಲೆಗೆ ಅಂಟಲಿ ಅಂತ ಎಲ್ಲರೂ ಹೇಳಿದಂತೆ ಸೋಪು ಕರಗಿಸಿದೆ. ನಮ್ಮದು ಬೋರ್‌ವೆಲ್ ನೀರು, ಗಡಸು. ಸೋಪು ಮೊಸರಿನಂತೆ ಒಡೆದು ನಾಝಲ್ ಕಟ್ಟಿಕೊಂಡಿತು. ಎರಡು ಸ್ಪ್ರೇಯರ್ ಹೋದವು, ಸುಮಾರು 900 ರೂಪಾಯಿ. ಕಾವೇರಿ ನೀರು ಬರುವ ತಂಗಿ ಮನೆಯಲ್ಲಿ ಅದೇ ಸೋಪು ಚೆನ್ನಾಗಿ ನೊರೆ ಬಂತು, ಹೊಟ್ಟೆ ಉರಿಯಿತು. ಆಮೇಲೆ ಪಾತ್ರೆ ತೊಳೆಯುವ ಲಿಕ್ವಿಡ್. ಸ್ವಲ್ಪ ಜಾಸ್ತಿಯೇ ಸುರಿದೆ ಅನ್ನಿ. ಮೂರೇ ದಿನಕ್ಕೆ ಎಂಟು ಹತ್ತು ಕುಂಡಗಳಲ್ಲಿ ಎಲೆಯಂಚು ಸುಟ್ಟುಹೋಯಿತು.

ಅಂಟುವಾಳ ಗಡಸು ನೀರಿನಲ್ಲಿ ಒಡೆಯುವುದಿಲ್ಲ. ಗಾಂಧಿಬಜಾರಿನ ಗ್ರಂಧಿಗೆ ಅಂಗಡಿಯಲ್ಲಿ ಕಾಲು ಕೆಜಿ ತಂದೆ, ಐವತ್ತೋ ಅರವತ್ತೋ ರೂಪಾಯಿ. ಆರೇಳು ಕಾಯಿಯ ಬೀಜ ತೆಗೆದು, ರಾತ್ರಿಯಿಡೀ ನೆನೆಸಿ, ಕಿವುಚಿ ಸೋಸಿದೆ. ಎಣ್ಣೆಯನ್ನು ಮೊದಲು ಆ ಗಟ್ಟಿ ರಸಕ್ಕೇ ಹಾಕಿ ಹಾಲಿನಂತಾಗುವವರೆಗೆ ಕುಲುಕಬೇಕು. ಬಾಕಿ ನೀರು ಆಮೇಲೆ. ಮೊದಲ ಸಲ ಉಲ್ಟಾ ಮಾಡಿದ್ದೆ, ಎಣ್ಣೆಯೆಲ್ಲ ತೇಲಿ ಕೊನೆಯ ಎರಡು ಗಿಡಗಳ ಪಾಲಾಯಿತು. ಲೀಟರಿಗೆ ಹೆಚ್ಚುಕಮ್ಮಿ 5 ಎಂ.ಎಲ್. ಎಣ್ಣೆ. ಇನ್ನೊಂದು ಚಿಟಿಕೆ ಏನೋ ಹಾಕುತ್ತೇನೆ, ಅದು ನನ್ನ ಹತ್ತಿರವೇ ಇರಲಿ.

ಹದ ಬಂತಾ ಅಂತ ನೋಡೋಕೆ ಪತ್ರೊಡೆಗೆ ಬೆಳೆಸಿದ ಕೆಸುವಿನೆಲೆ ಇದೆಯಲ್ಲ, ಅದರ ಮೇಲೆ ಒಂದು ಹನಿ ಬಿಟ್ಟು ವಾಲಿಸುತ್ತೇನೆ. ಉರುಳಿದರೆ ರಸ ಸಾಲದು. ಅಂಟಿ ನಿಂತರೆ ಸ್ಪ್ರೇಯರ್‌ಗೆ ತುಂಬಬಹುದು. ಇದೇ ಎಲೆಯನ್ನು ಬಕೆಟ್ ನೀರಲ್ಲಿ ಮುಳುಗಿಸಿ ನೋಡಿ, ಬೆಳ್ಳಿಯಂತೆ ಹೊಳೆಯುತ್ತದೆ. ಎಲೆಗೂ ನೀರಿಗೂ ನಡುವೆ ಸಿಕ್ಕಿಬಿದ್ದ ಗಾಳಿ ಅದು. ಹೆಬ್ಬೆರಳಿಂದ ಉಜ್ಜಿದ ಜಾಗದಲ್ಲಿ ಮಾತ್ರ ಹೊಳಪಿಲ್ಲ, ಮೇಣ ಹೋಗಿರುತ್ತದೆ. ನೀರ ಮೇಲೆ ತೇಲುವ ಗಿಡ ಅಂತರಗಂಗೆಯನ್ನೂ ಮುಳುಗಿಸಿದೆ. ಅಲ್ಲಿ ಗಾಳಿ ಹಿಡಿಯುವುದು ಮಖಮಲ್ಲಿನಂಥ ಕೂದಲು. ಒಂದು ಭಾನುವಾರ ಪೂರ್ತಿ ಇದರಲ್ಲೇ ಹೋಯಿತು. ಪತ್ರೊಡೆ ಆಗಲಿಲ್ಲ, ಬೈಗುಳ ಆಯಿತು.

ವಾರಕ್ಕೊಮ್ಮೆ, ಸಂಜೆ, ಎಲೆಯಡಿಗೆ ಹೊಡೆದೆ. ಮೂರನೇ ವಾರಕ್ಕೆ ನವಿಲುಕೋಸಿನ ಹೇನು ಮಾಯ. ಬದನೆಯಲ್ಲಿ ಬಿಳಿನೊಣ ಅಲ್ಲೊಂದು ಇಲ್ಲೊಂದು. ದೊಡ್ಡಪತ್ರೆಗೆ ಮಾತ್ರ ಹೊಡೆಯುವುದು ಬಿಟ್ಟಿದ್ದೇನೆ. ಅದರ ಕೂದಲಲ್ಲಿ ರಸ ಬೇಗ ಆರದೆ ಎಲೆಗೆ ಕಂದು ಮಚ್ಚೆ ಬಂತು.