ತಡವಾಗಿ ಸಿಕ್ಕ ಬ್ಯಾಂಡನ್ನು ಕೇಳುವುದು ಹೇಗೆ, ಅದರ ವಿಡಿಯೋ ನೋಡುವುದು ಯಾವಾಗ

ಆರ್.ಇ.ಎಂ. ಅನ್ನುವ ಬ್ಯಾಂಡ್ ನನಗೆ ಸಿಕ್ಕಿದ್ದು 39ನೇ ವಯಸ್ಸಿನಲ್ಲಿ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಒಂದು ಕಡೆ ಲೆಕ್ಕ ಬರೆಯುತ್ತೇನೆ. ಹಗಲೆಲ್ಲ ಮಷಿನ್ ಸದ್ದು. ಒಂದಿನ ಊಟದ ಹೊತ್ತಿನಲ್ಲಿ ಕಟಿಂಗ್ ಮಾಡುವ ಹುಡುಗ ಇಯರ್‌ಫೋನಿನ ಒಂದು ತುದಿ ನನ್ನ ಕೈಗಿಟ್ಟು "ಸರ, ಇದನ್ನೊಂದು ಕೇಳ್ರಿ" ಅಂದ. ಮ್ಯಾಂಡೊಲಿನ್ ಶುರುವಾಯಿತು. ಆಮೇಲೆ ಆ ದನಿ. ಡಬ್ಬಿಯಲ್ಲಿದ್ದ ರೊಟ್ಟಿ ಹಾಗೇ ಉಳಿಯಿತು.

ರಾತ್ರಿ ಮನೆಗೆ ಬಂದು ಹುಡುಕಿದೆ. 1980ರಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದ ಅಥೆನ್ಸ್ ಅನ್ನುವ ಊರಲ್ಲಿ ಹುಟ್ಟಿದ ಬ್ಯಾಂಡ್. 2011ರಲ್ಲಿ ಅವರು ನಿಲ್ಲಿಸಿಯೂ ಬಿಟ್ಟಿದ್ದರು. ನನಗೆ ಬೇಜಾರಾಯಿತು, ಊರ ಜಾತ್ರೆ ಮುಗಿದು ತೇರು ಗುಡಿ ಸೇರಿದ ಮೇಲೆ ಬಂದ ಹಾಗೆ. ನಿಮಗೂ ಹಾಗಾಗಿದ್ದರೆ ಮೊದಲು ಆ ಬೇಜಾರು ಬಿಡಿ. ಅಂದಿನವರು ಒಂದು ಆಲ್ಬಂ ಕೇಳಿ ಮುಂದಿನದಕ್ಕೆ ಒಂದೋ ಎರಡೋ ವರ್ಷ ಕಾಯಬೇಕಿತ್ತು. ನಿಮಗೆ 15 ಆಲ್ಬಂಗಳೂ ಒಟ್ಟಿಗೇ ಸಿಕ್ಕಿವೆ.

ಆದರೆ ಒಟ್ಟಿಗೇ ಸಿಕ್ಕಿವೆ ಅಂತ ಒಟ್ಟಿಗೇ ಕೇಳಬೇಡಿ. ವಾರಕ್ಕೊಂದು ಸಾಕು. ಯುಗಾದಿಗೆ ಶುರು ಮಾಡಿದರೆ ಆಷಾಢದ ಹೊತ್ತಿಗೆ ಮುಗಿಯುತ್ತದೆ. ಮೊದಲು ನಿಮ್ಮನ್ನು ಹಿಡಿದ ಹಾಡು ಯಾವ ಆಲ್ಬಂನದ್ದೋ ಅದನ್ನು ಪೂರ್ತಿ ಕೇಳಿ, ನಡುವೆ ಹಾರಿಸದೆ. ಆಮೇಲೆ ವರ್ಷ ನೋಡಿಕೊಂಡು ಮೊದಲಿನಿಂದ ಬನ್ನಿ. ಆರ್.ಇ.ಎಂ.ನ ಮೊದಲ ಆಲ್ಬಂ ಬಂದದ್ದು 1983ರಲ್ಲಿ, ನಾನು ಕೇಳಿದ ಹಾಡು 1991ರದ್ದು. ಆ ಎಂಟು ವರ್ಷದಲ್ಲಿ ಗಾಯಕನ ಮಾತು ಹೇಗೆ ಬಿಡಿಸಿಕೊಂಡು ಕೇಳಿಸತೊಡಗಿತು ಅನ್ನುವುದು ಹೀಗೆ ಸಾಲಾಗಿ ಕೇಳಿದರೇ ತಿಳಿಯುವುದು. ಆ್ಯಪ್‌ಗಳು ಮುಂದಿಡುವ 'ಬೆಸ್ಟ್ ಆಫ್' ಪಟ್ಟಿಯಲ್ಲಿ ಇದು ಸಿಗಲ್ಲ.

ಈಗ ವಿಡಿಯೋ ಮಾತು. ಮೊದಲೇ ನೋಡಬೇಡಿ. ಇದರಲ್ಲಿ ನಾನು ಸ್ವಲ್ಪ ಹಟಮಾರಿ. ಕಡಿಮೆ ಅಂದರೂ ಹತ್ತು ಸಲ ಬರೀ ಹಾಡು ಕೇಳಿ, ಬೇರೆ ಬೇರೆ ಹೊತ್ತಿನಲ್ಲಿ, ನಡೆಯುತ್ತಾ, ಪಾತ್ರೆ ತೊಳೆಯುತ್ತಾ, ಹಂಪಿ ಎಕ್ಸ್‌ಪ್ರೆಸ್ಸಿನ ಮೇಲಿನ ಬರ್ತಿನಲ್ಲಿ ಮಲಗಿ. ಅಷ್ಟರಲ್ಲಿ ನಿಮ್ಮ ತಲೆಯಲ್ಲೇ ಒಂದು ಚಿತ್ರ ಕೂತಿರುತ್ತದೆ. ಯಾರೋ ಒಬ್ಬರ ಮುಖ, ಒಂದು ಓಣಿ, ಹಳೇ ಮನೆಯ ಒಂದು ಕಿಟಕಿ. ಅದು ಕೂತ ಮೇಲೆ ವಿಡಿಯೋ ನೋಡಿದರೆ ನಿಮ್ಮ ಚಿತ್ರಕ್ಕೂ ಅವರ ಚಿತ್ರಕ್ಕೂ ಮಾತುಕತೆ ಶುರುವಾಗುತ್ತದೆ. ಮೊದಲೇ ನೋಡಿಬಿಟ್ಟರೆ ಅವರದ್ದೊಂದೇ ಉಳಿಯುತ್ತದೆ.

ಇದನ್ನು ನಾನು ಕಲಿತದ್ದು ಬಯಲಾಟದಿಂದ. ಸಿರುಗುಪ್ಪ ಕಡೆಯ ನಮ್ಮ ಊರಲ್ಲಿ ಆಟಕ್ಕೆ ತಿಂಗಳುಗಟ್ಟಲೆ ಮುಂಚೆ ತಾಲೀಮು. ಹಗಲು ಹೊಲಕ್ಕೆ ಹೋಗಿ ಬಂದವರು ರಾತ್ರಿ ಲುಂಗಿ ಸುತ್ತಿಕೊಂಡು, ಒಂದು ಬಲ್ಬಿನ ಕೆಳಗೆ, ಹಾರ್ಮೋನಿಯಂ ಮುಂದೆ ನಿಂತು ದುರ್ಯೋಧನನ ಪದ ಹೇಳಿಕೊಳ್ಳುತ್ತಿದ್ದರು. ನಾವು ಹುಡುಗರಿಗೆ ಆ ಪದಗಳೆಲ್ಲ ಬಾಯಿಪಾಠ. ಆಟದ ರಾತ್ರಿ ಅದೇ ಮನುಷ್ಯ ಕಿರೀಟ, ಭುಜಕೀರ್ತಿ ಕಟ್ಟಿ, ಹಲಗೆ ಅದುರುವ ಹಾಗೆ ಹೆಜ್ಜೆ ಹಾಕಿ ಅದೇ ಪದ ಎತ್ತಿದರೆ ಮೈ ಜುಂ ಅನ್ನುತ್ತಿತ್ತು. ಗೊತ್ತಿದ್ದ ಪದವಾದ್ದರಿಂದಲೇ ಹಾಗಾಗುತ್ತಿತ್ತು ಅಲ್ವಾ?

ವಿಡಿಯೋ ನೋಡುವ ಮುಂಚೆ ಇನ್ನೊಂದು ಕೆಲಸ ಇದೆ. ಹಾಡಿನ ಸಾಹಿತ್ಯ ಓದಿ, ನುಡಿಗಟ್ಟಿದ್ದರೆ ಅದರ ಅರ್ಥ ಹುಡುಕಿ. ನಾನು ಕೇಳಿದ ಹಾಡು 'ಲೂಸಿಂಗ್ ಮೈ ರಿಲಿಜನ್'. ಧರ್ಮ ಬಿಟ್ಟವನ ಹಾಡು ಅಂದುಕೊಂಡಿದ್ದೆ. ಅಲ್ಲ. ಅಮೆರಿಕದ ದಕ್ಷಿಣದವರ ಮಾತಿನಲ್ಲಿ ಹಾಗಂದರೆ ತಾಳ್ಮೆ ತಪ್ಪುವುದು, ಸಾಕುಸಾಕಾಗಿ ಹೋಗುವುದು. ಹಾಡಿನಲ್ಲಿರುವುದು ಒಬ್ಬರನ್ನು ಮನಸ್ಸಿನಲ್ಲೇ ಹಚ್ಚಿಕೊಂಡು, ಜಾಸ್ತಿ ಹೇಳಿಬಿಟ್ಟೆನೇನೋ, ಏನೂ ಹೇಳಲೇ ಇಲ್ಲವೇನೋ ಅಂತ ಒದ್ದಾಡುವವನ ಪಾಡು.

ಆಮೇಲೆ ವಿಡಿಯೋ ಹಾಕಿದೆ. ಮಾಡಿದವರು ತರ್ಸೆಮ್ ಸಿಂಗ್, ನಮ್ಮ ಪಂಜಾಬಿನ ಜಲಂಧರ್‌ನಲ್ಲಿ ಹುಟ್ಟಿದವರು. ಹಾಡು ಶುರುವಾಗುವ ಮೊದಲು ಒಂದು ಕೋಣೆ, ಹೊರಗೆ ಮಳೆ, ಕಿಟಕಿಯ ಕಟ್ಟೆ ಮೇಲಿನ ಹಾಲಿನ ಜಗ್ಗು ಕೆಳಗೆ ಬಿದ್ದು ಒಡೆಯುತ್ತದೆ. ಆಮೇಲೆ ಮ್ಯಾಂಡೊಲಿನ್. ನಡುನಡುವೆ ಕ್ರೈಸ್ತ ಸಂತರ ಚಿತ್ರಪಟದಂಥ ದೃಶ್ಯಗಳು, ಹಿಂದೂ ದೇವರುಗಳು, ನಮ್ಮ ಕಿರಾಣಿ ಅಂಗಡಿಯ ಕ್ಯಾಲೆಂಡರಿನಲ್ಲಿರುವ ಹಾಗೇ ನಿಂತ ಭಂಗಿ. ನಾನು ಎದ್ದು ಕೂತೆ. ಹಾಡಿನಲ್ಲಿ ದೇವರಿಲ್ಲ, ವಿಡಿಯೋ ತುಂಬಾ ದೇವರು. ನೋಡುತ್ತಾ ನೋಡುತ್ತಾ ನನಗೆ ಹೊಳೆದದ್ದು, ಮಾತು ಬಾರದೆ ಒಬ್ಬರ ಮುಂದೆ ನಿಲ್ಲುವುದೂ ಗರ್ಭಗುಡಿ ಮುಂದೆ ನಿಲ್ಲುವುದೂ ಒಂದೇ ಥರ ಅನ್ನುವುದು. ಬರೀ ಹಾಡು ಕೇಳಿದ್ದರೆ ಇದು ನನಗೆ ಹೊಳೆಯುತ್ತಿರಲಿಲ್ಲ. ಬರೀ ವಿಡಿಯೋ ನೋಡಿದ್ದರೂ ಅಷ್ಟೇ.

ನೋಡುವಾಗ ಆದಷ್ಟು ದೊಡ್ಡ ಪರದೆ ಇರಲಿ. ಬ್ಯಾಂಡಿನ ಅಧಿಕೃತ ಚಾನೆಲ್‌ನಲ್ಲೇ ನೋಡಿ. ಮೊದಲ ಸಲ ಸುಮ್ನೆ ನೋಡಿ. ಎರಡನೇ ಸಲ ಸದ್ದು ಪೂರ್ತಿ ಬಂದ್ ಮಾಡಿ ನೋಡಿ. ಆಗ ಕಣ್ಣಿಗೆ ಬೀಳುವುದೇ ಬೇರೆ. ನಿರ್ದೇಶಕರ ಹೆಸರು ಬರೆದಿಟ್ಟುಕೊಳ್ಳಿ, ಒಬ್ಬರಿಂದ ಇನ್ನೂ ನಾಲ್ಕು ಬ್ಯಾಂಡ್ ಸಿಗುತ್ತವೆ. ಹಾಡಿನ ವಿಡಿಯೋಗಳನ್ನೇ ತೋರಿಸಲು ಅಮೆರಿಕದಲ್ಲಿ ಎಂಟಿವಿ ಅನ್ನುವ ಟಿವಿ ಚಾನೆಲ್ ಶುರುವಾದದ್ದು 1981ರ ಆಗಸ್ಟ್ 1ಕ್ಕೆ. ಅದಕ್ಕಿಂತ ಹಳಬರಿಗೆ ಇಂಥ ವಿಡಿಯೋಗಳು ಕಡಿಮೆ, ಅವರದ್ದು ವೇದಿಕೆಯ ಮೇಲಿನ ಚಿತ್ರೀಕರಣ ಹುಡುಕಿ.

ಕೆಲವು ವಿಡಿಯೋಗಳಿಗೆ ಹಿಂದಿನ ಸಂಗತಿ ಗೊತ್ತಿರಬೇಕು. 'ಹರ್ಟ್' ಅನ್ನುವುದು ನೈನ್ ಇಂಚ್ ನೇಲ್ಸ್ ಬ್ಯಾಂಡಿನ 1994ರ ಹಾಡು. 2002ರಲ್ಲಿ ಅಮೆರಿಕದ ಹಳೇ ಗಾಯಕ ಜಾನಿ ಕ್ಯಾಶ್ ಎಪ್ಪತ್ತರ ಮುಪ್ಪಿನಲ್ಲಿ ಅದನ್ನು ಹಾಡಿದರು, ಮಾರ್ಕ್ ರೊಮನೆಕ್ ವಿಡಿಯೋ ಮಾಡಿದರು. ಪಾಳುಬಿದ್ದ ಕ್ಯಾಶ್ ಅವರದೇ ಮ್ಯೂಸಿಯಂ, ನಡುಗುವ ಕೈ, ಹಿಂದೆ ನಿಂತು ನೋಡುವ ಹೆಂಡತಿ ಜೂನ್. ಆಕೆ 2003ರ ಮೇ ತಿಂಗಳಲ್ಲಿ ಹೋದರು, ಅದೇ ಸೆಪ್ಟೆಂಬರಿನಲ್ಲಿ ಅವರೂ ಹೋದರು. ವಿಡಿಯೋದ ಕೊನೆಗೆ ಅವರು ಪಿಯಾನೋದ ಮುಚ್ಚಳ ಮುಚ್ಚುತ್ತಾರೆ. ಆ ಕೈಯನ್ನು ನೋಡಿ. ನನಗೆ ಈಗಲೂ ಗಂಟಲು ಕಟ್ಟುತ್ತದೆ.

ಇಂಗ್ಲಿಷ್ ಹಾಡು ದೂರ ಅನ್ನಿಸಿದರೆ ಗೊತ್ತಿರುವ ಪದದ ಬಾಗಿಲಿನಿಂದ ಒಳಗೆ ಹೋಗಿ. ರಘು ದೀಕ್ಷಿತ್ ಅವರ ಮೊದಲ ಆಲ್ಬಂ ಬಂದದ್ದು 2008ರಲ್ಲಿ. ಅದರಲ್ಲಿ ಶಿಶುನಾಳ ಷರೀಫರ 'ಗುಡುಗುಡಿಯ ಸೇದಿ ನೋಡೋ' ಇದೆ. ಸಿ. ಅಶ್ವತ್ಥ್ ದನಿಯಲ್ಲಿ ಷರೀಫರನ್ನು ಕೇಳಿ ಬೆಳೆದ ಕಿವಿಗೆ ಅಲ್ಲಿ ಗಿಟಾರು, ಪಿಟೀಲು ಹೇಗೆ ಕೂತಿವೆ ಅನ್ನುವುದು ತಾನಾಗಿಯೇ ತಿಳಿಯುತ್ತದೆ.

ವಿಡಿಯೋ ಆದ ಮೇಲೆ ಒಂದೆರಡು ದಿನ ಬಿಟ್ಟು ಮತ್ತೆ ಬರೀ ಹಾಡಿಗೆ ಬನ್ನಿ. ಇದನ್ನು ತಪ್ಪಿಸಬೇಡಿ. ಮೊನ್ನೆ ನಮ್ಮ ಕಟಿಂಗ್ ಹುಡುಗನಿಗೆ ಆಫೀಸಿನ ಕಂಪ್ಯೂಟರಿನಲ್ಲಿ ಆ ವಿಡಿಯೋ ತೋರಿಸಿದೆ. ಎರಡು ವರ್ಷದಿಂದ ಹಾಡು ಕೇಳುತ್ತಿದ್ದವನು ಒಮ್ಮೆಯೂ ನೋಡಿರಲಿಲ್ಲ. ಜಗ್ಗು ಒಡೆದಾಗ ಬೆಚ್ಚಿದ. ದೇವರುಗಳು ಬಂದಾಗ ಕುರ್ಚಿ ಮುಂದಕ್ಕೆ ಎಳೆದುಕೊಂಡ. ಮುಗಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಕಿಸೆಯಿಂದ ಇಯರ್‌ಫೋನ್ ತೆಗೆದು, "ಸರ, ಇನ್ನೊಮ್ಮೆ ಹಾಡಷ್ಟೇ ಕೇಳೋಣ್ರಿ" ಅಂತ ಒಂದು ತುದಿ ನನ್ನ ಕಡೆ ಚಾಚಿದ.